ಹೊಸ ಆಟಗಾರನಿಗೆ ಯಾವ ಸಂಖ್ಯೆ?

ಚನ್ನರಾಯನದುರ್ಗ ಎಂದೊಡನೆ ಹಿರಿಯರಿಗೆ ನೆನಪಾಗುವುದು ಬೆಟ್ಟ, ಬೆಟ್ಟದ ಮೇಲಿನ ಕೋಟೆ. ಶಾಲೆಗೆ ಹೋಗುವ ಮಕ್ಕಳಿಗೆ ಇದರ ಜೊತೆಗೆ ಇನ್ನೊಂದು ನೆನಪೂ ಉಂಟು. ಅದು ಹೋಬಳಿ ಮಟ್ಟದ ಕ್ರೀಡಾಕೂಟ. ಚನ್ನರಾಯನದುರ್ಗ ಕೊರಟಗೆರೆ ತಾಲ್ಲೂಕಿನ ಒಂದು ಹೋಬಳಿ. ಹೋಬಳಿಯಲ್ಲಿ ಗೆದ್ದ ತಂಡ ತಾಲ್ಲೂಕಿಗೆ ಹೋಗುತ್ತದೆ. ತಾಲ್ಲೂಕಿನಲ್ಲಿ ಗೆದ್ದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಕೂಟಕ್ಕೆ, ಎಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಸೇರುವ ಕಡೆಗೆ ಹೋಗುತ್ತದೆ. ಅಲ್ಲಿಂದ ವಿಭಾಗ, ಆಮೇಲೆ ರಾಜ್ಯ. ಬೆಟ್ಟ ಹತ್ತುವವನಂತೆ ತಂಡವೂ ಮೆಟ್ಟಿಲು ಮೆಟ್ಟಿಲಾಗಿಯೇ ಮೇಲೇರಬೇಕು.

ಈ ಮೆಟ್ಟಿಲುಗಳಲ್ಲಿ ಮೊದಲನೆಯದನ್ನು ಹತ್ತುವುದಕ್ಕೆ ಮುಂಚೆಯೇ ಒಂದು ಸಣ್ಣ ವಿಚಾರಣೆ ನಡೆಯುತ್ತದೆ. ದೈಹಿಕ ಶಿಕ್ಷಣದ ಮೇಷ್ಟ್ರು ಅಂಗಿಗಳ ಗಂಟನ್ನು ಬಿಚ್ಚುತ್ತಾರೆ. ಒಂದೊಂದು ಅಂಗಿಯ ಬೆನ್ನಿನ ಮೇಲೂ ಒಂದೊಂದು ಸಂಖ್ಯೆ. ತಂಡಕ್ಕೆ ಆಗತಾನೆ ಸೇರಿದ ಹುಡುಗ ಕೈ ಚಾಚುತ್ತಾನೆ. "ಸಾರ್, ನನಗೆ ಹತ್ತು ಕೊಡಿ" ಎನ್ನುತ್ತಾನೆ. ಹತ್ತು ಆಗಲೇ ಇನ್ನೊಬ್ಬನ ಪಾಲಾಗಿದೆ. "ಹಾಗಾದರೆ ಏಳು ಕೊಡಿ ಸಾರ್." ಏಳೂ ಇಲ್ಲ. "ಹದಿನೆಂಟು?" ಆ ಗಂಟಿನಲ್ಲಿ ಇರುವುದೇ ಹನ್ನೆರಡು ಅಂಗಿ. ಕೊನೆಗೆ ಯಾರೂ ಮುಟ್ಟದ ಎರಡನೆಯ ನಂಬರೋ ಹನ್ನೊಂದನೆಯ ನಂಬರೋ ಅವನ ಹೆಗಲೇರುತ್ತದೆ. ಹುಡುಗನ ಮುಖ ಸಪ್ಪಗಾಗುತ್ತದೆ.

ನಿಮ್ಮ ಮನೆಯಲ್ಲಿ ಆಟವಾಡುವ ಮಕ್ಕಳಿದ್ದರೆ ಈ ಸಪ್ಪೆ ಮುಖ ನಿಮಗೆ ಹೊಸದೇನಲ್ಲ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಮುನಿಸೇ ಎಂದು ನೀವು ನಕ್ಕಿರಲೂ ಬಹುದು. ಆದರೆ ವಿಚಾರ ಮಾಡಿ ನೋಡಿದರೆ ಆ ಸಂಖ್ಯೆ ಅಷ್ಟು ಸಣ್ಣ ವಿಷಯವಲ್ಲ. ಅದರಿಂದ ಪಾಯಿಂಟು ಹೋಗುವುದುಂಟು, ಪಂದ್ಯ ಕೈಬಿಡುವುದೂ ಉಂಟು. ದೊಡ್ಡ ದೊಡ್ಡ ಆಟಗಾರರೇ ಅದಕ್ಕಾಗಿ ಪೇಚಾಡಿದ್ದಾರೆ. ಹೊಸದಾಗಿ ತಂಡ ಸೇರುವವನಿಗೆ ಸಂಖ್ಯೆಯನ್ನು ಹೇಗೆ ಆರಿಸಬೇಕು, ಏಕೆ ಹಾಗೆ ಆರಿಸಬೇಕು ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ಮೊದಲು, ಈ ಸಂಖ್ಯೆ ಬಂದದ್ದಾದರೂ ಏಕೆ? ಉತ್ತರ ಸುಲಭ: ದೂರದಲ್ಲಿ ಕುಳಿತವನಿಗೆ ಆಟಗಾರ ಯಾರೆಂದು ತಿಳಿಯಲಿ ಎಂದು. ಹಿಂದಿನ ಕಾಲದ ಕ್ರಿಕೆಟ್ಟನ್ನು ನೆನೆಸಿಕೊಳ್ಳಿ. ಎಲ್ಲರದೂ ಬಿಳಿಯ ಅಂಗಿ, ಬಿಳಿಯ ಷರಾಯಿ. ಬೆನ್ನ ಮೇಲೆ ಹೆಸರೂ ಇಲ್ಲ, ಅಂಕಿಯೂ ಇಲ್ಲ. 1973-74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಾಗ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಮೊದಲಾದವರನ್ನು ಜನ ಗುರುತಿಸುತ್ತಿದ್ದದ್ದು ಅವರ ನಡಿಗೆಯಿಂದ, ನಿಲುವಿನಿಂದ, ಕೈ ತಿರುಗಿಸುವ ರೀತಿಯಿಂದ. ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೊಡುವವರು ಆಟಗಾರರನ್ನು ಅಷ್ಟು ಚೆನ್ನಾಗಿ ಬಲ್ಲವರಾಗಿರಬೇಕಾಗಿತ್ತು. ಹೊಸ ಹುಡುಗನೊಬ್ಬ ಬೌಂಡರಿಯ ಗೆರೆಯ ಬಳಿ ಚೆಂಡು ಹಿಡಿದನೆಂದರೆ, ಅವನು ಯಾರೆಂದು ಪಕ್ಕದವರನ್ನು ಕೇಳಿಯೇ ಹೇಳಬೇಕಾಗುತ್ತಿತ್ತು. ರೇಡಿಯೋ ಕೇಳುವವರಿಗೆ ಸಂಖ್ಯೆ ಕಾಣುವುದಿಲ್ಲ, ನಿಜ. ಆದರೆ ಓಡುವ ಆಟಗಳಲ್ಲಿ ನೀವು ಕೇಳುವ ಒಂದೊಂದು ಹೆಸರಿನ ಹಿಂದೆಯೂ ವಿವರಣೆಕಾರರ ಕಣ್ಣಿಗೆ ಬಿದ್ದ ಒಂದು ಸಂಖ್ಯೆ ಇರುತ್ತದೆ. ನಮ್ಮ ಊರುಗಳ ಕಬಡ್ಡಿ ಪಂದ್ಯದಲ್ಲಂತೂ ಮೈಕಿನವರು ಹೆಸರಿನ ಗೋಜಿಗೇ ಹೋಗುವುದಿಲ್ಲ. "ಐದನೇ ನಂಬರ್ ಆಟಗಾರ ರೈಡಿಂಗ್‌ಗೆ ಬರ್ತಾ ಇದ್ದಾನೆ" ಎಂದು ಕೂಗಿಬಿಡುತ್ತಾರೆ.

ಬೆನ್ನಿಗೆ ಅಂಕಿ ಹಾಕುವ ಪದ್ಧತಿ ಬೇರೂರಿದ್ದು ಅಮೆರಿಕದ ಬೇಸ್‌ಬಾಲಿನಲ್ಲಿ, ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ. ಇಂಗ್ಲೆಂಡಿನಲ್ಲಿ 1928ರ ಆಗಸ್ಟ್ 25ರಂದು ಆರ್ಸೆನಲ್ ಮತ್ತು ಚೆಲ್ಸೀ ತಂಡಗಳು ತಮ್ಮ ತಮ್ಮ ಲೀಗ್ ಪಂದ್ಯಗಳಲ್ಲಿ ಅಂಕಿಯ ಅಂಗಿ ತೊಟ್ಟು ಇಳಿದವು. ಮರುವರ್ಷ, 1929ರಲ್ಲಿ, ನ್ಯೂಯಾರ್ಕ್ ಯಾಂಕೀಸ್ ಎಂಬ ಬೇಸ್‌ಬಾಲ್ ತಂಡ ತನ್ನ ಆಟಗಾರರ ಬೆನ್ನಿಗೆ ಅಂಕಿ ಹಚ್ಚಿತು. ಆಗ ಸಂಖ್ಯೆ ಆರಿಸುವ ಕಷ್ಟವೇ ಇರಲಿಲ್ಲ. ಬ್ಯಾಟ್ ಹಿಡಿದು ಬರುವ ಸರದಿಯೇ ಸಂಖ್ಯೆ. ಮೂರನೆಯವನಾಗಿ ಬರುತ್ತಿದ್ದ ಬೇಬ್ ರೂತ್‌ಗೆ 3, ನಾಲ್ಕನೆಯವನಾದ ಲೂ ಗೆರಿಗ್‌ಗೆ 4. ಫುಟ್‌ಬಾಲಿನಲ್ಲಿ ನಿಲ್ಲುವ ಜಾಗವೇ ಸಂಖ್ಯೆ: ಗೋಲು ಕಾಯುವವನಿಗೆ 1, ಅವನ ಮುಂದಿನ ಕಾವಲಿನವರಿಗೆ 2, 3, ಹೀಗೆ ಮುಂದೆ ಮುಂದೆ ಹೋಗಿ ಎಡತುದಿಯಲ್ಲಿ ನುಗ್ಗುವವನಿಗೆ 11. ಎಂದರೆ ಸಂಖ್ಯೆ ಮನುಷ್ಯನದಲ್ಲ, ಕೆಲಸದ್ದು. ಈ ವಾರ ಒಬ್ಬ 9 ತೊಟ್ಟರೆ ಮುಂದಿನ ವಾರ ಅವನ ಜಾಗಕ್ಕೆ ಬಂದವನಿಗೇ ಆ 9. ಕಚೇರಿಯಲ್ಲಿ ಕುರ್ಚಿ ಇದ್ದಂತೆ.

ಕುರ್ಚಿಯ ಸಂಖ್ಯೆ ಮನುಷ್ಯನ ಸಂಖ್ಯೆಯಾದದ್ದು ಹೇಗೆ? ಒಂದು ತಂಡದಲ್ಲಿ ಹನ್ನೊಂದೇ ಜನ ಇರುವುದಿಲ್ಲ; ಇಪ್ಪತ್ತು, ಇಪ್ಪತ್ತೈದು ಮಂದಿ ಇರುತ್ತಾರೆ. ವಿಶ್ವಕಪ್ ಫುಟ್‌ಬಾಲಿನಲ್ಲಿ 1954ರಿಂದ ಇಡೀ ಪಂದ್ಯಾವಳಿಗೆ ಒಬ್ಬನಿಗೆ ಒಂದೇ ಸಂಖ್ಯೆ ಎಂಬ ನಿಯಮವಾಯಿತು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 1993ರಿಂದ ಇಡೀ ವರ್ಷಕ್ಕೆ ಒಂದೇ ಸಂಖ್ಯೆ. ಅಲ್ಲಿಂದ ಮುಂದೆ ಸಂಖ್ಯೆ ಆಟಗಾರನ ಎರಡನೆಯ ಹೆಸರಾಯಿತು.

ಈ ಬದಲಾವಣೆಯ ಹಾದಿಯಲ್ಲಿ ತಮಾಷೆಗಳೂ ನಡೆದಿವೆ. 1958ರ ವಿಶ್ವಕಪ್ಪಿನಲ್ಲಿ ಬ್ರೆಜಿಲ್ ತಂಡದ ಗೋಲು ಕಾಯುವ ಗಿಲ್ಮಾರ್ ತೊಟ್ಟದ್ದು 3ನೆಯ ಅಂಗಿ. ಆಗ ಇನ್ನೂ ಹದಿನೇಳು ವರ್ಷದ ಹುಡುಗನಾಗಿದ್ದ ಪೆಲೆಗೆ ಬಂದದ್ದು 10. ಇಂದು ಪ್ರಪಂಚದ ಮೂಲೆಮೂಲೆಯ ಮಕ್ಕಳು ಹತ್ತೇ ಬೇಕೆಂದು ಹಟ ಹಿಡಿಯುವುದಕ್ಕೆ ಮೊದಲ ಕಾರಣ ಆ ಹುಡುಗ. ಹತ್ತು ಅವನನ್ನು ದೊಡ್ಡವನನ್ನಾಗಿ ಮಾಡಲಿಲ್ಲ. ಅವನು ಹತ್ತನ್ನು ದೊಡ್ಡದು ಮಾಡಿದ. 1982ರಲ್ಲಿ ಅರ್ಜೆಂಟೀನದವರು ಆಟಗಾರರ ಹೆಸರುಗಳನ್ನು ಅಕ್ಷರಕ್ರಮದಲ್ಲಿ ಬರೆದು ಅದರಂತೆಯೇ ಸಂಖ್ಯೆ ಹಂಚಿದರು, ಶಾಲೆಯ ಹಾಜರಿ ಪುಸ್ತಕದಂತೆ! ಮೈದಾನದ ನಡುವೆ ಆಡುವ ಆರ್ಡಿಲೆಸ್‌ಗೆ ಗೋಲು ಕಾಯುವವನ 1 ಬಂತು. ಆದರೆ ಆ ಕ್ರಮವನ್ನು ಮುರಿದು ಮಾರಡೋನಾಗೆ ಮಾತ್ರ 10 ಕೊಟ್ಟರು. ನಿಯಮವೆಂದ ಮೇಲೆ ಒಬ್ಬ ಮೊಮ್ಮಗನಿಗೆ ವಿನಾಯಿತಿ ಎಲ್ಲ ಮನೆಗಳಲ್ಲೂ ಇದ್ದದ್ದೇ ಅಲ್ಲವೆ?

ಕ್ರಿಕೆಟ್ಟಿಗೆ ಈ ಪದ್ಧತಿ ತಡವಾಗಿ ಬಂತು. 1999ರ ವಿಶ್ವಕಪ್ಪಿನ ಹೊತ್ತಿಗೆ ಒಂದು ದಿನದ ಪಂದ್ಯಗಳ ಬಣ್ಣದ ಅಂಗಿಗಳ ಮೇಲೆ ಹೆಸರೂ ಸಂಖ್ಯೆಯೂ ಮೂಡಿದ್ದುವು. ಟೆಸ್ಟ್ ಪಂದ್ಯಗಳ ಬಿಳಿ ಅಂಗಿಯ ಬೆನ್ನಿಗೆ ಅಂಕಿ ಏರಿದ್ದು 2019ರ ಆಗಸ್ಟ್‌ನಲ್ಲಿ, ಇಂಗ್ಲೆಂಡ್ ಆಸ್ಟ್ರೇಲಿಯಗಳ ಆಷಸ್ ಸರಣಿಯಲ್ಲಿ. ಬಿಳಿಯ ಬೆನ್ನು ಹಾಳಾಯಿತೆಂದು ಹಿರಿಯರು ಕೆಲವರು ಹಳಹಳಿಸಿದರು. ನೋಡುವವರಿಗೆ ಅನುಕೂಲವಾಯಿತೆಂದು ಇನ್ನು ಕೆಲವರು ಸಮಾಧಾನಪಟ್ಟರು.

ಇಲ್ಲಿ ಒಂದು ಭೇದವನ್ನು ನೀವು ಗಮನಿಸಬೇಕು. ಕ್ರಿಕೆಟಿಗನಿಗೆ ಎರಡು ಸಂಖ್ಯೆಗಳು. ಒಂದು ಟೊಪ್ಪಿಗೆಯ ಸಂಖ್ಯೆ, ಇನ್ನೊಂದು ಅಂಗಿಯ ಸಂಖ್ಯೆ. ನಮ್ಮ ರಾಹುಲ್ ದ್ರಾವಿಡ್ 1996ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟ್ ಆಡಿದರು. ಭಾರತದ ಪರವಾಗಿ ಟೆಸ್ಟ್ ಆಡಿದವರ ಸಾಲಿನಲ್ಲಿ ಅವರು 207ನೆಯವರು; ಅದು ಅವರ ಟೊಪ್ಪಿಗೆಯ ಸಂಖ್ಯೆ. ಅದನ್ನು ಅವರು ಆರಿಸಿಕೊಂಡದ್ದಲ್ಲ, ಯಾರೂ ಬದಲಿಸಲಾಗುವುದಿಲ್ಲ, ಇನ್ನೊಬ್ಬರಿಗೆ ಕೊಡಲೂ ಆಗುವುದಿಲ್ಲ. ಮನೆಯಲ್ಲಿ ಹಿರಿಯ ಮಗ, ಎರಡನೆಯ ಮಗ ಎಂದ ಹಾಗೆ ಅದು ಹುಟ್ಟಿನಿಂದ ಬಂದದ್ದು. ಒಂದು ದಿನದ ಪಂದ್ಯಗಳಲ್ಲಿ ಅವರ ಬೆನ್ನ ಮೇಲೆ ಜನ ಕಂಡ 19 ಬೇರೆಯ ಬಗೆಯದು. ಅದು ಆರಿಸಿಕೊಂಡದ್ದು; ಬಿಟ್ಟ ಮೇಲೆ ಇನ್ನೊಬ್ಬರಿಗೆ ಹೋಗತಕ್ಕದ್ದು. ಹೊಸ ಆಟಗಾರನ ಪೇಚಾಟವೆಲ್ಲ ಈ ಎರಡನೆಯ ಬಗೆಯ ಸಂಖ್ಯೆಯದು.

ಆ 19ರ ಮುಂದಿನ ಕಥೆ ಕೇಳಿ. ದ್ರಾವಿಡ್ ನಿವೃತ್ತರಾದ ಮೇಲೆ ಅದು ದಿನೇಶ್ ಕಾರ್ತಿಕ್ ಅವರದಾಯಿತು. 2023ರಲ್ಲಿ ಯಶಸ್ವಿ ಜೈಸ್ವಾಲ್ ಎಂಬ ಎಳೆಯ ಆಟಗಾರ ಭಾರತ ತಂಡಕ್ಕೆ ಬಂದಾಗ ಅವನಿಗೂ 19ರ ಮೇಲೆ ಆಸೆಯಿತ್ತು. ಕಾರ್ತಿಕ್ ಇನ್ನೂ ನಿವೃತ್ತರಾಗಿರಲಿಲ್ಲವಾದ್ದರಿಂದ ಅದು ದೊರೆಯಲಿಲ್ಲ. ಹುಡುಗ 64ಕ್ಕೆ ಒಪ್ಪಿಕೊಂಡ ಎಂದು ಪತ್ರಿಕೆಗಳು ಬರೆದುವು. ಶುಭಮನ್ ಗಿಲ್‌ಗೆ ಬೇಕಾಗಿದ್ದುದು 7. ಹತ್ತೊಂಬತ್ತರೊಳಗಿನವರ ತಂಡದಲ್ಲಿ ಅದು ಸಿಕ್ಕದೆ ಹೋದಾಗ ಪಕ್ಕದಲ್ಲಿ ಇನ್ನೊಂದು ಏಳನ್ನು ಸೇರಿಸಿ 77 ಮಾಡಿಕೊಂಡರು. ಕೇಳಿದ್ದು ಸಿಗದಿದ್ದರೆ ಸಿಕ್ಕಿದ್ದನ್ನೇ ತಮ್ಮದು ಮಾಡಿಕೊಳ್ಳುವ ಜಾಣತನಕ್ಕೆ ಇವೆರಡೂ ಒಳ್ಳೆಯ ನಿದರ್ಶನಗಳು. ಜೈಸ್ವಾಲ್ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದರು. 64 ಅದಕ್ಕೆ ಅಡ್ಡಿ ಬರಲಿಲ್ಲ.

ಆಸೆ ಈಡೇರಿದರೂ ತೊಂದರೆ ತಪ್ಪುವುದೆಂದು ತಿಳಿಯಬೇಡಿ. 2017ರ ಆಗಸ್ಟ್ ಕೊನೆಯಲ್ಲಿ ಕೊಲಂಬೊದಲ್ಲಿ ಶಾರ್ದೂಲ್ ಠಾಕೂರ್ ತಮ್ಮ ಮೊದಲ ಒಂದು ದಿನದ ಪಂದ್ಯಕ್ಕೆ 10ನೆಯ ಅಂಗಿ ತೊಟ್ಟು ಇಳಿದರು. ನಿಯಮದಲ್ಲಿ ತಡೆಯೇನೂ ಇರಲಿಲ್ಲ. ಆದರೆ ಅದು ಸಚಿನ್ ತೆಂಡೂಲ್ಕರರ ಸಂಖ್ಯೆಯೆಂದು ಜನರ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಹುಡುಗ ಹೇಗೆ ಚೆಂಡೆಸೆದ ಎಂದು ಕೇಳಿದವರಿಗಿಂತ ಆ ಅಂಗಿಯನ್ನು ತೊಡುವ ಧೈರ್ಯ ಹೇಗೆ ಬಂತು ಎಂದು ಕೇಳಿದವರೇ ಹೆಚ್ಚು. ಶಾರ್ದೂಲ್ ಆಮೇಲೆ 54ಕ್ಕೆ ಬದಲಾಯಿಸಿಕೊಂಡರು. ಆ ವರ್ಷ ನವೆಂಬರಿನ ಹೊತ್ತಿಗೆ 10ನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂಬ ಮಾತು ಕ್ರಿಕೆಟ್ ಮಂಡಲಿಯಿಂದ ಹೊರಬಂತು. ಇದರಿಂದ ತಿಳಿಯುವುದೇನು? ಸಂಖ್ಯೆಯೊಂದು ಪಟ್ಟಿಯಲ್ಲಿ ಖಾಲಿ ಇದ್ದರೂ ಜನರ ನೆನಪಿನಲ್ಲಿ ಖಾಲಿ ಇರುವುದಿಲ್ಲ. ದೊಡ್ಡವರು ಕುಳಿತು ಎದ್ದ ಜಾಗದಲ್ಲಿ ಹೊಸಬ ಕುಳಿತರೆ, ಅವನು ಏನು ಮಾಡಿದರೂ ಹೋಲಿಕೆ ತಪ್ಪದು. ಆ ಹೋಲಿಕೆಯನ್ನು ಹೊರುವ ಶಕ್ತಿ ಹೆಗಲಿಗಿದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಲೇಸು.

ದೊಡ್ಡ ಆಟಗಾರನ ಗೌರವಾರ್ಥವಾಗಿ ಸಂಖ್ಯೆಯನ್ನು ಯಾರಿಗೂ ಕೊಡದೆ ಎತ್ತಿಡುವುದಕ್ಕೆ ಸಂಖ್ಯೆಯ ನಿವೃತ್ತಿ ಎನ್ನುತ್ತಾರೆ. ಬೇಸ್‌ಬಾಲಿನಲ್ಲಿ ಈ ಪದ್ಧತಿ ಹಳೆಯದು. ಮೇಲೆ ಹೇಳಿದ ಲೂ ಗೆರಿಗ್‌ಗೆ ನರಗಳು ಸೊರಗಿ ಮೈಯೆಲ್ಲ ಸೋತುಹೋಗುವ ಕಾಯಿಲೆ ಬಂತು. 1939ರ ಜುಲೈ 4ರಂದು ಅವನ ತಂಡ ಅವನಿಗೆ ವಿದಾಯ ಹೇಳಿತು. ಅವನ 4 ಇನ್ನು ಯಾರಿಗೂ ಇಲ್ಲವೆಂದಾಯಿತು. ಇನ್ನೂ ದೊಡ್ಡ ಗೌರವ ಸಂದದ್ದು ಜಾಕಿ ರಾಬಿನ್‌ಸನ್‌ಗೆ. ಅಮೆರಿಕದ ದೊಡ್ಡ ಲೀಗುಗಳು ಕಪ್ಪು ಜನರನ್ನು ಹೊರಗಿಟ್ಟಿದ್ದ ಕಾಲದಲ್ಲಿ, 1947ರ ಏಪ್ರಿಲ್ 15ರಂದು, 42ನೆಯ ಅಂಗಿ ತೊಟ್ಟು ಆ ಗೋಡೆಯನ್ನು ದಾಟಿ ಒಳಗೆ ಬಂದವನು ಅವನು. ಐವತ್ತು ವರ್ಷಗಳ ತರುವಾಯ, 1997ರಲ್ಲಿ, ಒಂದು ತಂಡವಲ್ಲ, ಎಲ್ಲ ತಂಡಗಳೂ 42ನ್ನು ಎತ್ತಿಟ್ಟುವು. ವರ್ಷಕ್ಕೊಂದು ದಿನ ಮಾತ್ರ, ಏಪ್ರಿಲ್ 15ರಂದು, ಎಲ್ಲ ಆಟಗಾರರೂ 42ನ್ನೇ ತೊಡುತ್ತಾರೆ. ಯಾರು ಯಾರೆಂದು ಗುರುತಿಸುವುದಕ್ಕಾಗಿ ಹುಟ್ಟಿದ ಸಂಖ್ಯೆ ಆ ಒಂದು ದಿನ ಎಲ್ಲರೂ ಒಂದೇ ಎಂದು ಸಾರುತ್ತದೆ. ಸಂಖ್ಯೆಯ ಚರಿತ್ರೆಯಲ್ಲಿ ಇದಕ್ಕಿಂತ ಸುಂದರವಾದ ದಿನ ಇಲ್ಲವೆಂದೇ ಹೇಳಬೇಕು.

ನಮ್ಮ ಬೆಂಗಳೂರಿನಲ್ಲಿಯೂ ಇಂಥ ಗೌರವ ನಡೆದಿದೆ. ರಾಯಲ್ ಚಾಲೆಂಜರ್ಸ್ ತಂಡ 2023ರ ಮಾರ್ಚ್‌ನಲ್ಲಿ ಎ.ಬಿ. ಡಿವಿಲಿಯರ್ಸ್‌ರ 17ನ್ನೂ ಕ್ರಿಸ್ ಗೇಲ್‌ರ 333ನ್ನೂ ನಿವೃತ್ತಿಗೊಳಿಸಿತು. 333 ಎಂಬ ಮೂರಂಕಿಯ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವಿರಾ? 2010ರಲ್ಲಿ ಶ್ರೀಲಂಕೆಯ ಗಾಲೆಯಲ್ಲಿ ಗೇಲ್ ಟೆಸ್ಟ್ ಪಂದ್ಯವೊಂದರಲ್ಲಿ ಹೊಡೆದ ಓಟಗಳು ಅಷ್ಟು. ಹಾಕಿಯಲ್ಲಿ ಪಿ.ಆರ್. ಶ್ರೀಜೇಶ್ ತೊಡುತ್ತಿದ್ದ 16ನ್ನು 2024ರಲ್ಲಿ ಹಿರಿಯರ ತಂಡದಿಂದ ಎತ್ತಿಟ್ಟರು. ಅದೇ ವರ್ಷ ರಾಣಿ ರಾಂಪಾಲ್‌ರ 28ನ್ನೂ.

ಆದರೆ ಎತ್ತಿಡುವುದೊಂದೇ ಗೌರವವೇ? ಇದಕ್ಕೆ ಇನ್ನೊಂದು ಪಕ್ಷವೂ ಇದೆ. 2002ರ ವಿಶ್ವಕಪ್ಪಿಗೆ ಅರ್ಜೆಂಟೀನದವರು ಮಾರಡೋನಾನ 10ನ್ನು ಬಿಟ್ಟು ಪಟ್ಟಿ ಕಳುಹಿಸಿದರು. ಸಂಖ್ಯೆಗಳು 1ರಿಂದ ಸಾಲಾಗಿ ಇರಲೇಬೇಕೆಂದು ಫುಟ್‌ಬಾಲಿನ ವಿಶ್ವಸಂಸ್ಥೆ ಒಪ್ಪಲಿಲ್ಲ. ಆಗ 10ನ್ನು ಒರ್ಟೆಗಾ ತೊಟ್ಟ. ಅಂದು ಅರ್ಜೆಂಟೀನದವರ ಆಸೆಯಂತೆ ಆ ಅಂಗಿ ಪೆಟ್ಟಿಗೆ ಸೇರಿದ್ದರೆ, 2022ರಲ್ಲಿ ಅದೇ 10 ತೊಟ್ಟು ಕಪ್ಪನ್ನು ಎತ್ತಿದ ಲಿಯೋನೆಲ್ ಮೆಸ್ಸಿಯನ್ನು ನಾವು ಬೇರಾವುದೋ ಅಂಕಿಯಲ್ಲಿ ನೋಡಬೇಕಾಗುತ್ತಿತ್ತು. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿ ಅಜ್ಜನಿಗೆ ಮಾಡುವ ಗೌರವವೇ ಹೊರತು ಅಗೌರವವಲ್ಲ. ಹನ್ನೆರಡೇ ಅಂಗಿಗಳಿರುವ ಶಾಲೆಯ ತಂಡಕ್ಕಂತೂ ನಿವೃತ್ತಿಯ ಮಾತೇ ದುಬಾರಿ. ಅಲ್ಲಿ ಹಿಂದಿನ ವರ್ಷದ ಒಳ್ಳೆಯ ಆಟಗಾರ ತಾನೇ ಕೈಯಾರೆ ತನ್ನ ಅಂಗಿಯನ್ನು ಹೊಸಬನಿಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಇನ್ನು ಅದೃಷ್ಟದ ಮಾತು. ನಾವು ಅಂಕಿಗಳ ಬಗ್ಗೆ ತಟಸ್ಥರಲ್ಲ. ಮದುವೆಯಲ್ಲಿ ಮುಯ್ಯಿ ಓದಿಸುವಾಗ ನೂರಕ್ಕೆ ಒಂದು ಸೇರಿಸಿ ನೂರೊಂದು ಮಾಡುತ್ತೇವೆ. ಎಂಟು ಶನಿಯ ಅಂಕಿ ಎಂದು ಹಿಂಜರಿಯುತ್ತೇವೆ. ವಾಹನಕ್ಕೆ ಒಳ್ಳೆಯ ನಂಬರು ಬೇಕೆಂದು ಸಾರಿಗೆ ಇಲಾಖೆಯ ಹರಾಜಿನಲ್ಲಿ ಕೂಗುವವರಿದ್ದಾರೆ. ಆಟಗಾರರೂ ನಮ್ಮಂತೆಯೇ ಮನುಷ್ಯರು. ವೀರೇಂದ್ರ ಸೆಹವಾಗ್ 44 ತೊಡುತ್ತಿದ್ದವರು ಆಮೇಲೆ ಸಂಖ್ಯೆಯೇ ಇಲ್ಲದ ಅಂಗಿಯಲ್ಲಿ ಆಡಿದರು. 2011ರ ವಿಶ್ವಕಪ್ಪನ್ನು ಗೆದ್ದದ್ದೂ ಬರಿಯ ಬೆನ್ನಿನಲ್ಲಿಯೇ. ಮಹೇಂದ್ರ ಸಿಂಗ್ ಧೋನಿ ಹುಟ್ಟಿದ್ದು ಜುಲೈ 7ರಂದು, ಏಳನೆಯ ತಿಂಗಳ ಏಳನೆಯ ದಿನ, ಆದ್ದರಿಂದ 7. ಇದು ಮೂಢನಂಬಿಕೆಯಲ್ಲ, ಮನಸ್ಸಿಗೆ ಹತ್ತಿರವಾದ ಅಂಕಿ ಅಷ್ಟೆ ಎಂದು ಅವರು ಹೇಳಿದ್ದುಂಟು. ಸ್ಮೃತಿ ಮಂಧಾನಾ ಹುಟ್ಟಿದ್ದು ಜುಲೈ 18ರಂದು. ಅವರ ಅಂಗಿ 18. ಅದೇ 18ನ್ನು ವಿರಾಟ್ ಕೊಹ್ಲಿಯೂ ತೊಟ್ಟರು. ಆದರೆ ಅದು ತಾನು ಕೇಳಿ ಪಡೆದದ್ದಲ್ಲ, ಹತ್ತೊಂಬತ್ತರೊಳಗಿನವರ ತಂಡದಲ್ಲಿ ತನಗೆ ಕೊಟ್ಟದ್ದು ಎಂದು ಅವರೇ ಹೇಳಿದ್ದಾರೆ. 2025ರ ಮೇ ತಿಂಗಳಲ್ಲಿ ಅವರು ಟೆಸ್ಟ್ ಆಟಕ್ಕೆ ವಿದಾಯ ಹೇಳಿದ ಮೇಲೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಜನ 18 ಬರೆದ ಬಿಳಿಯ ಅಂಗಿಗಳನ್ನು ತೊಟ್ಟು ಬಂದರು. ಮಳೆ ಬಂದು ಆಟವೇ ನಡೆಯಲಿಲ್ಲ; ಬಂದವರು ತೊಟ್ಟ ಅಂಗಿಯ ಮಾತು ಮಾತ್ರ ಉಳಿಯಿತು. ಯಾರೋ ಪಟ್ಟಿ ನೋಡಿ ಕೊಟ್ಟ ಒಂದು ಅಂಕಿ ಇಷ್ಟು ದೂರ ಬಂತು ಎನ್ನುವುದನ್ನು ಸಪ್ಪೆ ಮುಖದ ನಿಮ್ಮ ಹುಡುಗನಿಗೆ ಹೇಳಬಹುದು.

ಇಷ್ಟು ಹೊತ್ತು ದೊಡ್ಡವರ ಮಾತಾಯಿತು. ಹೋಬಳಿಯ ಮೈದಾನಕ್ಕೆ ಬಂದರೆ ಸಂಖ್ಯೆಯ ಕೆಲಸ ಇನ್ನೂ ಗಟ್ಟಿಯಾದದ್ದು. ವಾಲಿಬಾಲನ್ನು ತೆಗೆದುಕೊಳ್ಳಿ. ಒಂದೊಂದು ಸೆಟ್ಟಿಗೂ ಮುಂಚೆ ಆರು ಜನ ಯಾವ ಸರದಿಯಲ್ಲಿ ನಿಲ್ಲುತ್ತಾರೆಂದು ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಆ ಚೀಟಿಯಲ್ಲಿ ಬರೆಯುವುದು ಅಂಗಿಯ ಸಂಖ್ಯೆಯನ್ನು. ಸರದಿ ತಪ್ಪಿ ಬೇರೆ ಸಂಖ್ಯೆಯವನು ಸರ್ವಿಸ್ ಮಾಡಿದರೆ ಪಾಯಿಂಟು ಎದುರಾಳಿಗೆ. ಇಬ್ಬರು ಗೆಳೆಯರು "ನಿನ್ನದು ನನಗೆ, ನನ್ನದು ನಿನಗೆ" ಎಂದು ಕೊನೆಯ ಗಳಿಗೆಯಲ್ಲಿ ಅಂಗಿ ಬದಲಾಯಿಸಿಕೊಂಡರೆನ್ನಿ. ಚೀಟಿಯಲ್ಲಿ ಒಂದು, ಮೈದಾನದಲ್ಲಿ ಒಂದು. ಚೆನ್ನಾಗಿ ಆಡುತ್ತಲೇ ಪಾಯಿಂಟು ಕಳೆದುಕೊಳ್ಳುವುದೆಂದರೆ ಇದೇ.

ಕಬಡ್ಡಿಯಲ್ಲಿ ಇನ್ನೊಂದು ಸೂಕ್ಷ್ಮ. ಔಟಾದವರು ಮತ್ತೆ ಒಳಗೆ ಬರುವುದು ಔಟಾದ ಕ್ರಮದಲ್ಲಿಯೇ. ಮೊದಲು ಹೊರಗೆ ಹೋದವನು ಮೊದಲು ಒಳಗೆ. ಈ ಕ್ರಮವನ್ನು ಲೆಕ್ಕ ಬರೆಯುವವರು ಸಂಖ್ಯೆಯಿಂದಲೇ ಗುರುತು ಹಾಕಿಕೊಳ್ಳುತ್ತಾರೆ. 3 ಎಂದು ಬರೆದದ್ದು 8ರಂತೆ ಕಂಡರೆ ನಿಮ್ಮ ಒಳ್ಳೆಯ ರೈಡರ್ ಹೊರಗೇ ಕುಳಿತಿರಬೇಕಾದೀತು. ಅದಕ್ಕೇ ನಿಯಮ: ಎದೆಯ ಮೇಲೆ ಕಡಮೆಯೆಂದರೆ ನಾಲ್ಕು ಅಂಗುಲ, ಬೆನ್ನ ಮೇಲೆ ಆರು ಅಂಗುಲ ಎತ್ತರದ ಅಂಕಿ ಇರಬೇಕು. ವಾಲಿಬಾಲಿನಲ್ಲಿ ಎದೆಗೆ 15 ಸೆಂಟಿಮೀಟರ್, ಬೆನ್ನಿಗೆ 20. ನಮ್ಮ ಕಡೆಯ ಅಂಗಿಗಳಲ್ಲಿ ಹಲವು ಸಲ ದಾನಿಗಳ ಹೆಸರು ಹೆಬ್ಬೆರಳಿನ ಗಾತ್ರದ ಅಕ್ಷರದಲ್ಲಿ ಬೆನ್ನು ತುಂಬ ಹರಡಿ, ಸಂಖ್ಯೆ ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ. ದಾನಿಗಳಿಗೆ ಕೃತಜ್ಞತೆ ಸಲ್ಲಿಸಬೇಕಾದದ್ದೇ. ಆದರೆ ಅಂಗಿಯ ಬೆನ್ನು ಅಂಪೈರಿಗೆ ಸೇರಿದ್ದು. ದಾನಿಗಳಿಗೆ ತೋಳು ಸಾಕು.

ಬ್ಯಾಸ್ಕೆಟ್‌ಬಾಲಿನಲ್ಲಿ ಬಹಳ ಕಾಲ 4ರಿಂದ 15ರವರೆಗಿನ ಸಂಖ್ಯೆಗಳನ್ನೇ ತೊಡಬೇಕಾಗಿತ್ತು. ಏಕೆಂದು ಹಲವರು ಬೆರಗಾಗುತ್ತಿದ್ದರು. ಅಂಪೈರು ಒಂದು, ಎರಡು, ಮೂರು ಬೆರಳುಗಳನ್ನು ಎತ್ತಿ ತೋರಿಸುವುದು ಪಾಯಿಂಟು ಮೊದಲಾದ ಬೇರೆ ಸನ್ನೆಗಳಿಗೆ ಬೇಕಾಗಿತ್ತು. ಆಟಗಾರನ ಸಂಖ್ಯೆಯೂ ಅದೇ ಆದರೆ ಗೊಂದಲ. 2014ರಲ್ಲಿ ಈ ಕಟ್ಟುಪಾಡು ಸಡಿಲವಾಯಿತು. ನೋಡಿ, ಸಂಖ್ಯೆ ಕಣ್ಣಿಗೆ ಮಾತ್ರವಲ್ಲ, ಕೈಬೆರಳಿಗೂ ಹೊಂದಬೇಕು.

ಸಂಖ್ಯೆ ಇದ್ದೂ ತಪ್ಪು ನಡೆಯುವುದಿಲ್ಲವೇ ಎಂದರೆ, ನಡೆಯುತ್ತದೆ. 2006ರ ವಿಶ್ವಕಪ್ಪಿನಲ್ಲಿ ಕ್ರೊಯೇಷಿಯ ಆಸ್ಟ್ರೇಲಿಯಗಳ ಪಂದ್ಯ. ಕ್ರೊಯೇಷಿಯದ 3ನೆಯ ನಂಬರಿನ ಶಿಮುನಿಚ್‌ಗೆ ಹಳದಿ ಚೀಟಿ ತೋರಿಸಿದ ಅಂಪೈರ್ ಗ್ರಹಾಂ ಪೋಲ್ ತಮ್ಮ ಪುಸ್ತಕದಲ್ಲಿ ಅದನ್ನು ಆಸ್ಟ್ರೇಲಿಯದ 3ನೆಯ ನಂಬರಿನ ಎದುರು ಬರೆದುಕೊಂಡರು. ಎರಡು ಹಳದಿ ಚೀಟಿಗೆ ಹೊರಹೋಗಬೇಕಾದವನು ಮೂರನೆಯದು ಸಿಗುವವರೆಗೆ ಆಡುತ್ತಲೇ ಇದ್ದ! ಅಂಥ ಅನುಭವಿಗಳಿಗೇ ಹೀಗಾದರೆ, ಬಿಸಿಲಿನಲ್ಲಿ ಮರದ ಕೆಳಗೆ ಮೇಜು ಹಾಕಿಕೊಂಡು ದಿನಕ್ಕೆ ಹತ್ತು ಪಂದ್ಯದ ಲೆಕ್ಕ ಬರೆಯುವ ನಮ್ಮ ಮೇಷ್ಟರುಗಳ ಪಾಡೇನು? ಅವರ ಕೆಲಸವನ್ನು ಹಗುರ ಮಾಡುವುದು ತಂಡದ ಕರ್ತವ್ಯ.

ಹಾಗಾದರೆ ಹೊಸಬನಿಗೆ ಸಂಖ್ಯೆ ಕೊಡುವುದು ಹೇಗೆ? ಹೇಳಿದ್ದನ್ನೆಲ್ಲ ಒಟ್ಟುಗೂಡಿಸಿದರೆ ಇಷ್ಟು ಮಾತು ಉಳಿಯುತ್ತವೆ.

ಮೊದಲು ಆಟದ ನಿಯಮ ಯಾವ ಸಂಖ್ಯೆಗಳನ್ನು ಒಪ್ಪುತ್ತದೆ ಎಂದು ಕೂಟದ ಮೇಲ್ವಿಚಾರಕರಿಂದ ತಿಳಿದುಕೊಳ್ಳಿ. ನಿಯಮಗಳು ಆಗಾಗ ಬದಲಾಗುತ್ತವೆ. ಎರಡನೆಯದಾಗಿ, ಅಂಗಿಯ ಅಳತೆ ನೋಡಿ. ಗಂಟಿನಲ್ಲಿ ಸಂಖ್ಯೆಗೆ ತಕ್ಕ ಅಳತೆ ಇರುವುದಿಲ್ಲ. ಹತ್ತರ ಆಸೆಗೆ ಸಣ್ಣ ಹುಡುಗ ದೊಡ್ಡವರ ಅಂಗಿ ತೊಟ್ಟು ಅದನ್ನು ಚಡ್ಡಿಯೊಳಗೆ ತುರುಕಿದರೆ ಅರ್ಧ ಅಂಕಿ ಒಳಗೇ ಹೋಗುತ್ತದೆ. ಕಬಡ್ಡಿಯಲ್ಲಿ ಆ ಸಡಿಲ ಬಟ್ಟೆ ಎದುರಾಳಿಯ ಕೈಗೆ ಹಿಡಿಯಾಗುತ್ತದೆ. ಮೂರನೆಯದಾಗಿ, ಹೊಸದಾಗಿ ಅಂಗಿ ಹೊಲಿಸುವಾಗ ದೂರದಿಂದ ಒಂದೇ ಎನಿಸುವ ಅಂಕಿಗಳ ವಿಷಯದಲ್ಲಿ ಎಚ್ಚರವಿರಲಿ: 3 ಮತ್ತು 8, 1 ಮತ್ತು 7, 6 ಮತ್ತು 9. ಕನ್ನಡ ಅಂಕಿ ಬರೆಸುವ ಅಭಿಮಾನಿಗಳಿಗೂ ಇದೇ ಮಾತು. ಅಲ್ಲಿ ೬ ಮತ್ತು ೯ ಅಣ್ಣತಮ್ಮಂದಿರು. ಬಟ್ಟೆ ಕಡು ಬಣ್ಣದ್ದಾದರೆ ಅಂಕಿ ಬಿಳಿ, ಬಟ್ಟೆ ತಿಳಿ ಬಣ್ಣದ್ದಾದರೆ ಅಂಕಿ ಕಪ್ಪು.

ನಾಲ್ಕನೆಯ ಮಾತು ಮುಖ್ಯವಾದದ್ದು. ತಂಡದಲ್ಲಿ ಮೊದಲಿಂದ ಇರುವವನ ಸಂಖ್ಯೆಯನ್ನು ಹೊಸಬನಿಗಾಗಿ ಕಿತ್ತುಕೊಡಬಾರದು, ಹೊಸಬ ಎಷ್ಟೇ ಚೆನ್ನಾಗಿ ಆಡಲಿ. ಒಂದು ವರ್ಷ ತಂಡದ ಹೊರಗಿದ್ದವನ ಸಂಖ್ಯೆಯನ್ನೂ ಬೇರೆಯವರಿಗೆ ಕೊಡದೆ ಕಾಯ್ದಿಡುವ ಪದ್ಧತಿ ಭಾರತ ತಂಡದಲ್ಲಿ ಇದೆಯೆಂದು ವರದಿಯಾಗಿತ್ತು. ಕಾಲು ಉಳುಕಿಸಿಕೊಂಡು ಮನೆಯಲ್ಲಿ ಮಲಗಿದ ಹುಡುಗ ಮತ್ತೆ ಮೈದಾನಕ್ಕೆ ಬಂದಾಗ ತನ್ನ ಅಂಗಿ ಇನ್ನೊಬ್ಬನ ಮೈಮೇಲೆ ಕಂಡರೆ ಅವನಿಗೆ ಏನೆನಿಸೀತು? ನಿನ್ನ ಜಾಗ ಹೋಯಿತು ಎಂದು ಬಾಯಿಬಿಟ್ಟು ಹೇಳಿದಂತೆಯೇ ಆಯಿತು. ಅಂಗಿ ಗೂಟದಲ್ಲಿ ತೂಗುತ್ತಿದ್ದರೆ, ಬೇಗ ಬಾ ಎಂದು ಹೇಳಿದಂತೆ.

ಐದನೆಯದಾಗಿ, ಖಾಲಿ ಇರುವುದರಲ್ಲಿ ಆರಿಸುವ ಹಕ್ಕನ್ನು ಹೊಸಬನಿಗೇ ಬಿಡಿ. ಇಬ್ಬರು ಹೊಸಬರು ಒಂದನ್ನೇ ಕೇಳಿದರೆ ಎಲ್ಲರ ಎದುರಿಗೆ ಚೀಟಿ ಎತ್ತಿಸಿ. ಮೇಷ್ಟರ ಮಗ, ದಾನಿಗಳ ಮಗ ಎಂಬ ಭೇದ ಇಲ್ಲಿ ನುಸುಳಿತೆಂದರೆ ಆ ವಿಷ ಆಟಕ್ಕೂ ಇಳಿಯುತ್ತದೆ. ಕೊನೆಯದಾಗಿ, ಕೊಟ್ಟ ಸಂಖ್ಯೆಯನ್ನು ಹೆಸರಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡಿ. ಆ ವರ್ಷದ ಕೂಟಗಳು ಮುಗಿಯುವವರೆಗೆ ಬದಲಿಸಬೇಡಿ. ಹೋಬಳಿಯಲ್ಲಿ 5 ಆಗಿದ್ದವನು ತಾಲ್ಲೂಕಿನಲ್ಲಿಯೂ 5 ಆಗಿದ್ದರೆ, ನೋಡಿದವರಿಗೆ ಅವನ ನೆನಪು ಉಳಿಯುತ್ತದೆ. ಮೇಲಿನ ಹಂತಕ್ಕೆ ಆಯ್ಕೆ ಮಾಡುವವರ ಕಣ್ಣಿಗೂ ಬೀಳುತ್ತಾನೆ. ಮೊದಲ ದಿನ ಚೆನ್ನಾಗಿ ಆಡಿ ಎರಡನೆಯ ದಿನ ಬೇರೆ ಸಂಖ್ಯೆಯಲ್ಲಿ ಇಳಿದವನನ್ನು ಅವರು ಎಲ್ಲಿಂದ ಹುಡುಕಬೇಕು?

ತಾಯಿತಂದೆಗಳಿಗೆ ಒಂದು ಮಾತು. ಮಗ ಎರಡನೆಯ ನಂಬರಿನ ಅಂಗಿ ತೊಟ್ಟು ಮುಖ ಊದಿಸಿಕೊಂಡು ಮನೆಗೆ ಬಂದರೆ, ಮಗಳು ತನಗೆ 18 ಸಿಗಲಿಲ್ಲವೆಂದು ಊಟ ಬಿಟ್ಟರೆ, ಗದರಿಸಬೇಡಿ; ಮೇಷ್ಟರ ಬಳಿಗೆ ಜಗಳಕ್ಕೂ ಹೋಗಬೇಡಿ. ಹದಿನೇಳರ ಹುಡುಗನಿಗೆ ಹಂಚಿಕೆಯಲ್ಲಿ ಬಂದ 10ರ ಕಥೆ ಹೇಳಿ. ಕೇಳಿದ್ದು ಸಿಗದೆ 64 ತೊಟ್ಟವನ ಕಥೆ ಹೇಳಿ. ಗೋಡೆ ದಾಟಿ ಬಂದವನ 42ರ ಕಥೆ ಹೇಳಿ. ಆಮೇಲೆ ಆ ಅಂಗಿಯನ್ನು ಒಗೆದು ನೆರಳಿನಲ್ಲಿ ಒಣಹಾಕಿ. ಬಿಸಿಲಿಗೆ ಬಣ್ಣ ಹೋಗುತ್ತದೆ, ಇಸ್ತ್ರಿಯನ್ನು ನೇರವಾಗಿ ಇಟ್ಟರೆ ಅಚ್ಚಿನ ಅಂಕಿ ಕಿತ್ತುಬರುತ್ತದೆ. ನಾಳೆ ಬೆಳಿಗ್ಗೆ ಅಂಪೈರು ಆ ಬೆನ್ನನ್ನು ನೋಡಿಯೇ ನಿಮ್ಮ ಮಗುವನ್ನು ಕರೆಯಬೇಕು. ಅಂಕಿ ಸ್ಪಷ್ಟವಾಗಿರಲಿ, ಮಿಕ್ಕದ್ದನ್ನು ಅದನ್ನು ತೊಟ್ಟವರೇ ನೋಡಿಕೊಳ್ಳುತ್ತಾರೆ.